ಸ್ವಂತ ಬಟ್ಟೆ, ಬಾಡಿಗೆ, ಖರೀದಿ: ಕಾಲೇಜು ಕಿರುಚಿತ್ರಕ್ಕೆ ಯಾವುದು?

ನಿಮ್ಮದು ವಿದ್ಯಾರ್ಥಿಗಳ ರೊಮ್ಯಾಂಟಿಕ್ ಕಾಮಿಡಿ, ಹಣ ಕಮ್ಮಿ. ಖರ್ಚು ಮಾತ್ರ ಲೆಕ್ಕಕ್ಕಾದರೆ ನಟರ ಸ್ವಂತ ಬಟ್ಟೆಯೇ ಮೇಲು. ಅಳತೆಯ ತಲೆನೋವೂ ಇಲ್ಲ. ಒತ್ತೊತ್ತಾದ ಸಣ್ಣ ಗೆರೆಯ ಶರ್ಟ್ ಮಾತ್ರ ಬೇಡ, ಕ್ಯಾಮೆರಾದಲ್ಲಿ ಗೆರೆಗಳು ಅಲೆಯಂತೆ ಮಿನುಗುತ್ತವೆ.

ನಿಜವಾದ ಕಷ್ಟ ಕಂಟಿನ್ಯೂಟಿಯದು, ಅಂದರೆ ಬೇರೆ ಬೇರೆ ದಿನ ತೆಗೆದ ಶಾಟ್‌ಗಳಲ್ಲೂ ಬಟ್ಟೆಬರೆ ಒಂದೇ ಥರ ಕಾಣಿಸಬೇಕು. ನಾಯಕಿ ಬಾಗಿಲು ತೆರೆಯುವುದು ಈ ಶನಿವಾರ, ಒಳಗೆ ಕಾಲಿಡುವ ಶಾಟ್ ಮುಂದಿನ ಶನಿವಾರ. ನಡುವೆ ಅದೇ ಕುರ್ತಾ ಹಾಕಿಕೊಂಡು ಮದುವೆಯೂಟಕ್ಕೆ ಹೋಗಿ ಸಾರು ಚೆಲ್ಲಿಕೊಂಡರೆ? ಸ್ವಂತ ಬಟ್ಟೆಯಾದರೂ ಶೂಟಿಂಗ್ ಮುಗಿಯುವ ತನಕ ನಿಮ್ಮ ಸುಪರ್ದಿಯಲ್ಲೇ ಇರಲಿ. ಪ್ರತಿ ದೃಶ್ಯಕ್ಕೂ ಫೋಟೊ ತೆಗೆದಿಡಿ: ತೋಳು ಎಷ್ಟು ಮಡಚಿದೆ, ಬಳೆ ಯಾವ ಕೈಯಲ್ಲಿದೆ.

ಬಾಡಿಗೆ ಒಂದೇ ದಿನದ ಕೆಲಸಕ್ಕೆ ಸರಿ. ಕನಸಿನ ಮದುವೆ ದೃಶ್ಯದ ಶೇರ್ವಾನಿ, ಪೇಟವನ್ನು ಯಾರು ಕೊಳ್ಳುತ್ತಾರೆ? ರೀಶೂಟ್ ಬಂದರೆ ಬಾಡಿಗೆ ಮತ್ತೆ ಕಟ್ಟಬೇಕು, ಕಲೆಯಾದರೆ ಮುಂಗಡಕ್ಕೂ ಕತ್ತರಿ.

ಹಾಸ್ಯಕ್ಕೆ ಬಟ್ಟೆ ಹಾಳಾಗಲೇಬೇಕಾದಾಗ ಖರೀದಿಯೇ ದಾರಿ. ನಾಯಕನ ಮೇಲೆ ಕಾಫಿ ಚೆಲ್ಲುವ ದೃಶ್ಯಕ್ಕೆ ಮೂರು ಟೇಕ್ ಅಂದರೆ ಒಂದೇ ಬಣ್ಣದ ಮೂರು ಶರ್ಟ್. ಬೆಂಗಳೂರಿನವರಾದರೆ ಚಿಕ್ಕಪೇಟೆ ಸುತ್ತಿ, ಚೌಕಾಸಿ ಮಾಡಿ.

ಪ್ರಾಪ್‌ಗಳಲ್ಲಿ, ಅಂದರೆ ದೃಶ್ಯದಲ್ಲಿ ಬಳಸುವ ಸಾಮಾನುಗಳಲ್ಲಿ, ಕೊಡೆ, ಟಿಫನ್ ಡಬ್ಬಿ ಸಾಲ ತಂದರೆ ಸಾಕು. ದೃಶ್ಯದಲ್ಲಿ ಹರಿದುಹಾಕುವ ಪ್ರೇಮಪತ್ರವಾದರೆ ಅದೇ ಕೈಬರಹದಲ್ಲಿ ನಾಲ್ಕೈದು ಪ್ರತಿ ಬರೆಸಿಡಿ. ಗುಲಾಬಿ ಹೂವು ಲೈಟಿನ ಬಿಸಿಗೆ ಬಾಡುತ್ತದೆ. ದೂರದ ಶಾಟಿಗೆ ಪ್ಲಾಸ್ಟಿಕ್, ಕ್ಲೋಸಪ್ಪಿಗೆ ತಾಜಾ ಹೂವು.