ಕಾರ್ಬುರೇಟರ್ ಮಾರುತಿ 800: ಕರಾವಳಿಯ ಮಳೆಯಲ್ಲಿ ಹಳೆಯ ಕಾರನ್ನು ಉಳಿಸಿಕೊಳ್ಳುವ ಬಗೆ

ನಮ್ಮ ಮನೆಯ ಮಾರುತಿ 800 1996ನೇ ಇಸವಿಯದು. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಭಾಗ) ಇರುವ ಎಂಜಿನ್, ನಾಲ್ಕು ಗೇರು, ಏಸಿ ಇಲ್ಲದ ಸ್ಟಾಂಡರ್ಡ್ ಮಾದರಿ, ಬಿಳಿ ಬಣ್ಣ. ತಂದೆಯವರು ಹೊಸದಾಗಿ ಕೊಂಡ ಗಾಡಿ. ಅವರ ಕೈಯಿಂದ ನನ್ನ ಕೈಗೆ ಬಂದು ಹತ್ತು ವರ್ಷಕ್ಕೂ ಮೇಲಾಯಿತು. ಉಡುಪಿ ಜಿಲ್ಲೆಯಲ್ಲಿ, ಸಮುದ್ರಕ್ಕೆ ಹತ್ತಿರದ ಊರಿನಲ್ಲಿ ದಿನವೂ ಓಡುತ್ತದೆ. ನೋಡಲು ಚೆನ್ನಾಗಿಲ್ಲ. ಬಾನೆಟ್ ಒರೆಸಿದರೆ ಬಣ್ಣ ಪುಡಿಯಾಗಿ ಬಟ್ಟೆಗೆ ಹತ್ತುತ್ತದೆ, ಹಿಂದಿನ ಎಡ ಮಡ್‌ಗಾರ್ಡಿನಲ್ಲಿ ಹಳೆಯ ತಗ್ಗು ಹಾಗೆಯೇ ಇದೆ, ಬಂಪರಿನ ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗಿದೆ.

"ಇದಕ್ಕೆ ಹಾಕುವ ದುಡ್ಡಿನಲ್ಲಿ ಇನ್ನೊಂದು ಗಾಡಿ ಬರುತ್ತದೆ" ಎನ್ನುವವರು ಕೆಲವರು. "ಒಮ್ಮೆ ಪೂರ್ತಿ ಪೇಂಟ್ ಮಾಡಿಸಿಬಿಡಿ ಮಾರಾಯರೇ, ಹೊಸದರ ಹಾಗೆ ಆಗುತ್ತದೆ" ಎನ್ನುವವರು ಇನ್ನು ಕೆಲವರು. ಎರಡನ್ನೂ ನಾನು ಒಪ್ಪುವುದಿಲ್ಲ. ಈ ಕಾರನ್ನು ಹೊಸದು ಮಾಡುವ ಆಸೆ ನನಗಿಲ್ಲ. ಇರುವುದು ಕೆಡದಂತೆ ತಡೆಯಬೇಕು, ಕಾರಿನ ಜೊತೆ ಬಂದ ಭಾಗ ಸವೆದಿದ್ದರೂ ಅದನ್ನೇ ದುರಸ್ತಿ ಮಾಡಿಸಬೇಕು, ಆಗದಿದ್ದಾಗ ಮಾತ್ರ ಬದಲಿಸಬೇಕು. ಇಷ್ಟು ವರ್ಷ ಹೀಗೆ ನಡೆಸಿಕೊಂಡು ಬಂದ ಮೇಲೆ, ಇದೇ ಸರಿಯಾದ ದಾರಿ ಎಂಬ ನಂಬಿಕೆ ಗಟ್ಟಿಯಾಗಿದೆ.

ಪೂರ್ತಿ ಪೇಂಟ್ ಬೇಡ ಎನ್ನುವುದಕ್ಕೆ ಬಲವಾದ ಕಾರಣವಿದೆ. ಕಾರ್ಖಾನೆಯಲ್ಲಿ ತಗಡಿಗೆ ಹಿಡಿಸಿದ ಪ್ರೈಮರ್ ಪದರವನ್ನು ಒಮ್ಮೆ ಉಜ್ಜಿ ತೆಗೆದರೆ ಅಂಥದ್ದನ್ನು ಊರಿನ ಗ್ಯಾರೇಜಿನಲ್ಲಿ ಮತ್ತೆ ತರಲು ಆಗುವುದಿಲ್ಲ. ಕಡಿಮೆ ದುಡ್ಡಿನ ಟಿಂಕರಿಂಗ್ ಕೆಲಸದಲ್ಲಿ ತುಕ್ಕನ್ನು ಮೇಲುಮೇಲೆ ಕೆರೆದು ತಗ್ಗು ತುಂಬುವ ಪುಟ್ಟಿ ಮೆತ್ತುತ್ತಾರೆ. ಪುಟ್ಟಿಯ ಹಿಂದೆ ನೀರು ಸೇರಿಕೊಂಡು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಳೆಯುವ ಬಣ್ಣದಡಿ ಗುಳ್ಳೆ ಏಳುತ್ತದೆ. ಮಾಸಿದ ಹಳೆಯ ಬಣ್ಣದ ಮೇಲಾದರೆ ತುಕ್ಕು ಶುರುವಾದ ವಾರದಲ್ಲೇ ಕಣ್ಣಿಗೆ ಬೀಳುತ್ತದೆ. ಆಗ ಒಂದು ರೂಪಾಯಿ ಅಗಲದ ಜಾಗವನ್ನು ಕೆರೆದು, ರಾಸಾಯನಿಕ ಹಚ್ಚಿ, ಪ್ರೈಮರ್ ಕೊಟ್ಟರೆ ಸಾಕು. ಫಾಸ್ಫಾರಿಕ್ ಆಮ್ಲ ಇರುವ ತುಕ್ಕು ನಿರೋಧಕ ಹಚ್ಚಿದಾಗ ಕೆಂಪು ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ಪ್ರೈಮರ್ ಹಚ್ಚಬೇಕು.

ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಗಾಳಿಯಲ್ಲಿ ಉಪ್ಪಿದೆ. ಹಾಗಾಗಿ ನೀರು ಎಲ್ಲಿಂದ ಒಳಬರುತ್ತಿದೆ ಎಂದು ಪತ್ತೆ ಮಾಡದೆ ತುಕ್ಕಿಗೆ ಕೈಹಾಕಿ ಪ್ರಯೋಜನವಿಲ್ಲ. ನಮ್ಮ ಕಾರಿನಲ್ಲಿ ಡ್ರೈವರ್ ಕಾಲಡಿಯ ಮ್ಯಾಟು ಯಾವಾಗಲೂ ತೇವವಾಗಿರುತ್ತಿತ್ತು. ಮೇಲಿನ ರಬ್ಬರ್ ಮ್ಯಾಟು ಒಣಗಿದ್ದರೂ ಅದರಡಿಯ ದಪ್ಪ ಫೆಲ್ಟ್ ಹಿಂಡಿದರೆ ನೀರು ಸುರಿಯುವಂತಿತ್ತು. ಅದನ್ನು ಎತ್ತಿ ತಗಡನ್ನು ಹೆಬ್ಬೆರಳಿನಿಂದ ಒತ್ತಿದಾಗ ಚರಕ್ಕೆಂದು ಸದ್ದಾಯಿತು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೀರು ಬಿಡುತ್ತ ಹೋದರೆ ಸೋರುವ ಜಾಗ ತಪ್ಪದೆ ಸಿಗುತ್ತದೆ. ನಮಗೆ ಸಿಕ್ಕಿದ್ದು ಮುಂದಿನ ಗಾಜಿನ ಕೆಳಮೂಲೆ. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಗಡುಸಾಗಿ ಬಿರುಕು ಬಿಟ್ಟಿತ್ತು.

ಬೀಡಿಂಗ್ ಬದಲಿಸುವ ಕೆಲಸವನ್ನು ನಿಂತು ನೋಡಬೇಕು. ಗಾಜು ತೆಗೆದ ಮೇಲೆ ಚೌಕಟ್ಟಿನ ಅಂಚಿನ ತುಕ್ಕನ್ನೆಲ್ಲ ತೆಗೆದು, ಪ್ರೈಮರ್ ಕೊಟ್ಟು, ಒಂದು ದಿನ ಒಣಗಲು ಬಿಡಿಸಿದೆ. ಇಲ್ಲಿ ಆತುರಪಟ್ಟರೆ ಹೊಸ ಬೀಡಿಂಗ್ ಹಾಕಿಯೂ ಫಲವಿಲ್ಲ. ಗಾಜಿನ ಕೆಲಸದವರು ಹೊಸ ಬೀಡಿಂಗನ್ನು ಗಾಜಿನ ಸುತ್ತ ಕೂರಿಸಿ, ಅದರ ಹೊರಗಿನ ಸಂದಿಯುದ್ದಕ್ಕೂ ಒಂದು ದಾರ ಓಡಿಸಿದರು. ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಒಳಗೆ ಕೂತವರು ದಾರವನ್ನು ಎಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಕ್ಕೆ ಮಗುಚಿಕೊಂಡಿತು. ಸುತ್ತಿಗೆ ಇಲ್ಲ, ಸ್ಕ್ರೂಡ್ರೈವರ್ ಇಲ್ಲ. ಗಾಜು ಕಾರಿನ ಜೊತೆ ಬಂದದ್ದೇ. ಅದಕ್ಕೆ ಒಂದು ಗೀರೂ ಆಗಲಿಲ್ಲ.

ಕೆಳಗಿನ ತಗಡಿನ ಕೆಲಸದಲ್ಲಿ ಗ್ಯಾರೇಜಿನವರ ಜೊತೆ ಸ್ವಲ್ಪ ವಾದವೇ ಆಯಿತು. ಕೊಳೆತ ಜಾಗದ ಮೇಲೆ ಹೊಸ ತಗಡು ಇಟ್ಟು ರಿವೆಟ್ ಹೊಡೆದು, ಅಡಿಯಿಂದ ಟಾರು ಬಳಿಯುವುದು ಇಲ್ಲಿ ರೂಢಿ. ಹಾಗೆ ಮಾಡಿದರೆ ಎರಡು ತಗಡುಗಳ ನಡುವೆ ನೀರು ನಿಂತು ಹೊಸದೂ ಹೋಗುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ಅಳತೆಯ ತುಂಡನ್ನು ಸಿಒ2 ವೆಲ್ಡಿಂಗಿನಲ್ಲಿ ಕೂಡಿಸಿ, ಬೆಸುಗೆಯ ಸಾಲಿಗೆ ಸೀಲರ್ ಹಾಕಿಸಬೇಕು. ಗ್ಯಾಸ್ ವೆಲ್ಡಿಂಗಿನ ಬಿಸಿಗೆ ಇಷ್ಟು ತೆಳುವಾದ ತಗಡು ಸೊಟ್ಟಗಾಗುತ್ತದೆ. ಕೆಲಸಕ್ಕೆ ಮೊದಲು ಬ್ಯಾಟರಿಯ ತಂತಿ ಕಳಚಿಸಲು ಮರೆಯಬೇಡಿ.

ಟಾರಿನಂಥ ಅಂಡರ್ ಕೋಟಿಂಗ್ ಹೊಸ ಕಾರಿಗೆ ಸರಿ. ತುಕ್ಕು ಹಿಡಿದ ಅಡಿಭಾಗಕ್ಕೆ ಬಳಿದರೆ ಅದು ತೇವವನ್ನು ಒಳಗೇ ಮುಚ್ಚಿಡುತ್ತದೆ. ಸುಟ್ಟ ಎಂಜಿನ್ ಆಯಿಲ್ ಸಿಂಪಡಿಸುವ ಹಳೆಯ ಕ್ರಮವಂತೂ ಬೇಡವೇ ಬೇಡ. ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಮಳೆಗೆ ತೊಳೆದು ಅಂಗಳಕ್ಕೆ ಇಳಿಯುತ್ತದೆ. ನಮ್ಮಲ್ಲಿ ಅಂಗಳದ ಪಕ್ಕದಲ್ಲೇ ಬಾವಿ. ನಾನು ಬಳಸುವುದು ಮೇಣದ ಬಗೆಯ ಪಾರದರ್ಶಕ ಸ್ಪ್ರೇ. ಅಡಿಯಲ್ಲಿ ಏನು ನಡೆಯುತ್ತಿದೆ ಎಂಬುದು ಅದರ ಮೂಲಕ ಕಾಣುತ್ತದೆ. ಪ್ರತಿವರ್ಷ ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ, ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ವಿಶೇಷ ದಿನ) ಒಳಗೆ ಅದನ್ನು ಮುಗಿಸುತ್ತೇನೆ. ಅದೇ ಹೊತ್ತಿಗೆ ಬಾಗಿಲುಗಳ ಕೆಳಅಂಚಿನಲ್ಲಿರುವ ನೀರು ಹೋಗುವ ತೂತುಗಳಿಗೆ ತಂತಿ ಹಾಕಿ ಕಸ ತೆಗೆಯುತ್ತೇನೆ, ವೈಪರ್ ಕೆಳಗಿನ ತೊಟ್ಟಿಯಲ್ಲಿ ಸೇರಿದ ಮಾವಿನ ಹೂವು, ಎಲೆಗಳನ್ನು ಬಾಚುತ್ತೇನೆ. ಆಯುಧ ಪೂಜೆಗೆ ಗಾಡಿ ತೊಳೆಯುವಾಗ ಹೊರಮೈಗಿಂತ ಚಕ್ರಗಳ ಮೇಲಿನ ಕಮಾನಿನೊಳಗೆ ಅಂಟಿದ ಮಣ್ಣನ್ನು ಕರಗಿಸಿ ತೆಗೆಯುವುದು ಮುಖ್ಯ.

ಇನ್ನು ಬಿಡಿಭಾಗಗಳ ವಿಚಾರ. ಈ ಕಾರಿನ ಭಾಗ್ಯವೆಂದರೆ ಅದರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ, ಕೊನೆಯ ಕಾರು ತಯಾರಾದದ್ದು 2014ರ ಜನವರಿಯಲ್ಲಿ. ಇದೇ ಎಂಜಿನ್ ಕುಟುಂಬ ಓಮ್ನಿಯಲ್ಲಿ 2019ರವರೆಗೂ ಇತ್ತು. ಹಾಗಾಗಿ ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ವಾಟರ್ ಪಂಪ್ ಸಣ್ಣ ಊರಿನಲ್ಲೂ ಸಿಗುತ್ತವೆ, ಮೆಕ್ಯಾನಿಕ್‌ಗಳಿಗೆ ಕಣ್ಣುಮುಚ್ಚಿ ಬಿಚ್ಚುವಷ್ಟು ಪರಿಚಯವಿದೆ. ಗಡಿಯಾಚೆ ಪಾಕಿಸ್ತಾನದಲ್ಲಿ ಸುಜುಕಿ ಮೆಹ್ರಾನ್ ಎಂಬ ಹೆಸರಿನಲ್ಲಿ ಇದೇ ಆಕಾರದ ಕಾರು 2019ರವರೆಗೆ ತಯಾರಾಗುತ್ತಿತ್ತು. ಅಲ್ಲಿನ ಬೀಡಿಂಗು, ದೀಪಗಳು ನಮಗೆ ಸಿಗುವಂತಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಏಕೆಂದರೆ ನಿಜವಾದ ಕಷ್ಟ ಎಂಜಿನ್ನಿನದಲ್ಲ. ರಬ್ಬರ್, ಪ್ಲಾಸ್ಟಿಕ್, ಕಾರ್ಬುರೇಟರ್ ಇವುಗಳದು.

ಸುಮಾರು 2000ದ ಹೊತ್ತಿಗೆ ಕಾರ್ಬುರೇಟರ್ ಬದಲು ಎಲೆಕ್ಟ್ರಾನಿಕ್ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂದ ಮೇಲೆ ಕಾರ್ಬುರೇಟರ್ ಬಲ್ಲ ಕೈಗಳೂ ಕಡಿಮೆಯಾದವು. ನಮ್ಮದು ನಿಂತಲ್ಲಿ ನಡುಗುತ್ತಿತ್ತು, ಸಿಗ್ನಲ್‌ನಲ್ಲಿ ಬಂದ್ ಬೀಳುತ್ತಿತ್ತು. ಹೊಸ ಕಾರ್ಬುರೇಟರ್ ಹಾಕಿಸಿ ಎಂದರು ಎಲ್ಲರೂ. ಮಾರುಕಟ್ಟೆಯಲ್ಲಿ ಸಿಗುವ ಹೆಸರಿಲ್ಲದ ಹೊಸದಕ್ಕಿಂತ ಕಂಪನಿಯಿಂದ ಬಂದ ಹಳೆಯದೇ ಮೇಲು ಎಂದು ನಾನು ಹಟ ಹಿಡಿದೆ. ಎಂಜಿನ್ ಓಡುತ್ತಿರುವಾಗ ಕಾರ್ಬುರೇಟರ್ ಒಳಗಿನ ಚಿಟ್ಟೆಯನ್ನು (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ತಗಡು) ತಿರುಗಿಸುವ ಥ್ರಾಟಲ್ ಸರಳಿನ ತುದಿಗೆ ಕ್ಲೀನರ್ ಸಿಂಪಡಿಸಿದರೆ ಸದ್ದು ಬದಲಾಗುತ್ತಿತ್ತು. ಅಂದರೆ ಸರಳು ಕೂತಿರುವ ತೂತು ಸವೆದು ಅಂಡಾಕಾರವಾಗಿ, ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಎಷ್ಟು ಟ್ಯೂನಿಂಗ್ ಮಾಡಿದರೂ ಇದು ಸರಿಹೋಗುವುದಿಲ್ಲ.

ಲೇಥ್ ಅಂಗಡಿಯಲ್ಲಿ ಆ ತೂತನ್ನು ದೊಡ್ಡದು ಮಾಡಿ, ಹಿತ್ತಾಳೆಯ ಪುಟ್ಟ ಬುಷ್ (ಕೊಳವೆಯಾಕಾರದ ಬಳೆ) ಕಡೆದು ಕೂರಿಸಿದರು. ಉಂಗುರ ಬೆರಳಿನ ಉಗುರಿಗಿಂತ ಚಿಕ್ಕದು. ಅದರೊಳಗೆ ಸರಳನ್ನು ಇಟ್ಟು ತಿರುಗಿಸಿದರೆ ಎಣ್ಣೆಯಲ್ಲಿ ಜಾರಿದಂತೆ ಸಾಗಿತು, ಅಲುಗಾಡಿಸಿದರೆ ಒಂದಿಷ್ಟೂ ಅಲುಗಲಿಲ್ಲ. ಚಿಟ್ಟೆಯ ಎರಡು ಸಣ್ಣ ಸ್ಕ್ರೂಗಳ ತುದಿಯನ್ನು ಮತ್ತೆ ಬಡಿದು ಅಗಲಿಸಿ ಭದ್ರ ಮಾಡಿದ್ದಾರೆಯೇ ಎಂದು ನೋಡಿಕೊಳ್ಳಿ. ಸಡಿಲಾದರೆ ಅವು ನೇರವಾಗಿ ಎಂಜಿನ್ ಒಳಗೇ ಬೀಳುತ್ತವೆ. ಹೊಸ ಡಯಾಫ್ರಾಮ್, ನೀಡಲ್ ವಾಲ್ವ್, ಗ್ಯಾಸ್ಕೆಟ್ ಹಾಕಿಸಿದ ಮೇಲೆ ಎಂಜಿನ್ ನಿಂತಲ್ಲಿ ನಿಶ್ಶಬ್ದವಾಗಿ ತಿರುಗತೊಡಗಿತು. ಆ ಕಾಲದ ಕಾರುಗಳಿಗೆ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3, ಈಗ ನಮ್ಮ ಕಾರು ಆತಂಕವಿಲ್ಲದೆ ಆ ಮಿತಿಯೊಳಗೆ ಇರುತ್ತದೆ.

ಡೂಪ್ಲಿಕೇಟ್ ಮಾಲು ಈ ಕಾರಿನ ದೊಡ್ಡ ಶತ್ರು. ಪಟ್ಟಣದ ಒಂದು ಅಂಗಡಿಯಲ್ಲಿ ಕಂಪನಿ ಡಬ್ಬಿಯನ್ನೇ ಹೋಲುವ ಡಬ್ಬಿಯಲ್ಲಿ ಸಸ್ಪೆನ್ಷನ್ ಬುಷ್ ಕೊಟ್ಟರು. ಒಂದೇ ಮಳೆಗಾಲಕ್ಕೆ ರಬ್ಬರ್ ಸೀಳಿತು. ಅಂದಿನಿಂದ ಭಾಗದ ಹೆಸರು ಹೇಳಿ ಕೇಳುವುದನ್ನು ಬಿಟ್ಟಿದ್ದೇನೆ. ಭಾಗದ ಸಂಖ್ಯೆಯನ್ನೇ ಚೀಟಿಯಲ್ಲಿ ಬರೆದುಕೊಟ್ಟು, ಲೇಬಲ್ಲಿನ ಸಂಖ್ಯೆ, ಹೊಲೊಗ್ರಾಂ ನೋಡಿ, ಬಿಲ್ಲು ಪಡೆಯುತ್ತೇನೆ. ಬಿಚ್ಚಿದ ಹಳೆಯ ಭಾಗವನ್ನು ಗ್ಯಾರೇಜಿನಲ್ಲಿ ಎಂದೂ ಬಿಟ್ಟು ಬರಬಾರದು. ಅಳತೆಗೆ, ಮಾದರಿಗೆ ಅದೇ ಆಧಾರ, ಕೆಲವೊಮ್ಮೆ ಹೊಸದಕ್ಕಿಂತ ಅದೇ ಹೆಚ್ಚು ಬಾಳುತ್ತದೆ.

ಹೊಸ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯವಕ್ಕೆ ಶಿವಾಜಿನಗರದ ಗುಜರಿ. ಗುಜರಿಯಲ್ಲಿ ಹುಡುಕುವವರು ಒಂದು ವಿಷಯ ತಿಳಿದಿರಬೇಕು. ಘಟ್ಟದ ಮೇಲಿನ, ಅದರಲ್ಲೂ ಚಿತ್ರದುರ್ಗ, ಬಳ್ಳಾರಿ ಕಡೆಯ ಗಾಡಿಗಳ ತಗಡು ಗಟ್ಟಿ. ಆದರೆ ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರಿದು, ಬೀಡಿಂಗ್ ಕಟ್ಟಿಗೆಯಾಗಿರುತ್ತದೆ. ಕರಾವಳಿಯ ಗಾಡಿಗಳಲ್ಲಿ ತಗಡು ತಿಂದುಹೋಗಿದ್ದರೂ ಒಳಗಿನ ಪ್ಲಾಸ್ಟಿಕ್ ಮೆದುವಾಗಿ ಉಳಿದಿರುತ್ತದೆ. ಬಾಗಿಲು, ಡಿಕ್ಕಿಯ ಮುಚ್ಚಳ ಬಯಲುಸೀಮೆಯ ಗಾಡಿಯಿಂದ ತನ್ನಿ. ಸ್ವಿಚ್ಚು, ಹಿಡಿಕೆ, ಗಾಜು ಏರಿಸುವ ಯಂತ್ರ ನಮ್ಮ ಕಡೆಯ ಗಾಡಿಯಿಂದ. ಬ್ರೇಕಿನ ಯಾವ ಭಾಗವನ್ನೂ, ಸ್ಟೀರಿಂಗಿನ ಯಾವ ಜೋಡಣೆಯನ್ನೂ ಗುಜರಿಯಿಂದ ತರಬಾರದು. ಹಳೆಯದನ್ನೇ ಉಳಿಸಬೇಕೆಂಬ ನನ್ನ ಪಟ್ಟು ಅಲ್ಲಿಗೆ ನಿಲ್ಲುತ್ತದೆ. ಬಿಲ್ಲು ಕೊಡದವರಿಂದ ಏನನ್ನೂ ಕೊಳ್ಳಬೇಡಿ. ಕದ್ದ ಗಾಡಿಯ ಭಾಗ ನಮ್ಮ ಮನೆಗೆ ಬರಬಾರದು.

ಎಥೆನಾಲ್ ಶೇ. 20 ಬೆರೆತ ಪೆಟ್ರೋಲ್ ಬಂದ ಮೇಲೆ ಪೆಟ್ರೋಲ್ ಹಾದುಹೋಗುವ ಹಳೆಯ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ್ದೇನೆ. ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಪೈಪಿನ ಮೇಲೆ ಆರ್9 ಎಂದು ಅಚ್ಚಾಗಿದ್ದರೆ ಅದು ಇಂಥ ಇಂಧನವನ್ನು ತಡೆದುಕೊಳ್ಳುವ ದರ್ಜೆಯದು. ಫ್ಯೂಯಲ್ ಪಂಪಿನ ಡಯಾಫ್ರಾಮನ್ನೂ ಆಗಲೇ ನೋಡಿಸಿ. ವಾರಗಟ್ಟಲೆ ಗಾಡಿ ನಿಲ್ಲಿಸುವವರು ಹೆಚ್ಚು ಎಚ್ಚರದಿಂದಿರಬೇಕು. ಓಡುವ ಗಾಡಿಗೆ ತೊಂದರೆ ಕಡಿಮೆ.

ಕಾಗದಪತ್ರದ ಖರ್ಚನ್ನೂ ಹೇಳಬೇಕು. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು, 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿತು. ಚೆನ್ನಾಗಿ ನೋಡಿಕೊಂಡ ಸಣ್ಣ ಕಾರಿಗೂ ವಯಸ್ಸೊಂದನ್ನೇ ನೋಡಿ ಇಷ್ಟು ಶುಲ್ಕ ಹಾಕುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಸುರಕ್ಷತೆಯ ಬಗ್ಗೆ ಮುಚ್ಚುಮರೆ ಬೇಡ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಬಾಗಿಲ ತಗಡು ತೆಳು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಈ ಕಾರನ್ನು ವೇಗವಾಗಿ ಓಡಿಸುವುದಿಲ್ಲ, ಮಕ್ಕಳನ್ನು ಕೂರಿಸಿಕೊಂಡು ದೂರದ ಊರಿಗೆ ಹೋಗುವುದಿಲ್ಲ. ಪೇಟೆ, ತೋಟ, ಬಸ್ ನಿಲ್ದಾಣ, ಬ್ಯಾಂಕು, ನೆಂಟರ ಮನೆ ಇವಕ್ಕೆ ಇದಕ್ಕಿಂತ ಒಳ್ಳೆಯ ವಾಹನ ಬೇಕಿಲ್ಲ. ಓಣಿಯಲ್ಲಿ ಒಂದೇ ಏಟಿಗೆ ತಿರುಗುತ್ತದೆ. ಕೂತಲ್ಲಿಂದ ನಾಲ್ಕೂ ಮೂಲೆಗಳು ಕಾಣುತ್ತವೆ. ಇಂದಿನ ಯಾವ ಕಾರಿನಲ್ಲೂ ಈ ಸುಖ ಸಿಕ್ಕಿಲ್ಲ.

ಹಳೆಯ 800 ಕೊಳ್ಳುವ ಯೋಚನೆಯಿದ್ದರೆ ಬಣ್ಣ ನೋಡಿ ಮರುಳಾಗಬೇಡಿ. ಮೊದಲು ಮ್ಯಾಟು ಎತ್ತಿ, ಆಮೇಲೆ ಬಾನೆಟ್ ತೆರೆದು ಸಸ್ಪೆನ್ಷನ್ ಕೂರುವ ಗೋಪುರಗಳ ಸುತ್ತ, ಬ್ಯಾಟರಿ ತಟ್ಟೆಯ ಅಡಿ ನೋಡಿ. ಅಲ್ಲಿ ಗಟ್ಟಿಯಿದ್ದರೆ ಎಂಜಿನ್ ಹೊಗೆ ಬಿಟ್ಟರೂ ಪರವಾಗಿಲ್ಲ, ಅದನ್ನು ಸರಿಮಾಡುವವರಿದ್ದಾರೆ. ಹೊಸದಾಗಿ ಪೇಂಟ್ ಆದ ಗಾಡಿಯಾದರೆ ಅಯಸ್ಕಾಂತ ಒಯ್ಯಿರಿ. ಪುಟ್ಟಿಯ ಮೇಲೆ ಅದು ಹಿಡಿಯುವುದಿಲ್ಲ.

ನನಗೆ ಈಗ ಬೇಕಾಗಿರುವುದು ಹಿಂದಿನ ಎಡಬಾಗಿಲಿನ ಅಸಲಿ ಬೀಡಿಂಗ್ ಮತ್ತು ಬೂದು ಬಣ್ಣದ, ಬಿರುಕಿಲ್ಲದ ಗ್ಲೋವ್ ಬಾಕ್ಸ್ ಮುಚ್ಚಳ. ಯಾವುದಾದರೂ ಅಂಗಡಿಯ ಅಟ್ಟದ ಮೇಲೆ ಹಳೆಯ ದಾಸ್ತಾನು ಇರುವುದು ಗೊತ್ತಿದ್ದರೆ ತಿಳಿಸಿ, ಬಂದು ಹುಡುಕಿಕೊಳ್ಳುತ್ತೇನೆ.