ಬೇಸ್ ಗಿಟಾರಿನ ತಂತಿ: ಮೊದಲ ದಿನದ ಹೊಳಪು, ಹತ್ತನೆಯ ವಾರದ ಹೊಳಪು

ಆರು ವರ್ಷಗಳಿಂದ ಒಂದೇ ಬೇಸ್ ಗಿಟಾರಿಗೆ ಬಗೆಬಗೆಯ ತಂತಿಗಳನ್ನು ಕಟ್ಟಿ ನುಡಿಸುತ್ತ ಬಂದಿದ್ದೇನೆ. ನಾಲ್ಕು ತಂತಿಗಳ, 34 ಅಂಗುಲ ಸ್ಕೇಲಿನ (ಕಂಪಿಸುವ ತಂತಿಯ ಉದ್ದ), ತಂತಿಯ ಕಂಪನವನ್ನು ಹಿಡಿಯುವ ಎರಡು ಪಿಕಪ್‌ಗಳಿರುವ ಸಾಮಾನ್ಯ ವಾದ್ಯ ಅದು. ಈ ಅವಧಿಯಲ್ಲಿ ವಾದ್ಯವನ್ನಾಗಲಿ ಆಂಪ್ಲಿಫೈಯರನ್ನಾಗಲಿ ನಾನು ಬದಲಿಸಿಲ್ಲವಾದ್ದರಿಂದ, ಇಲ್ಲಿ ಹೇಳುವ ವ್ಯತ್ಯಾಸಗಳು ಬಹುಮಟ್ಟಿಗೆ ತಂತಿಯವೇ ಎಂದು ಧೈರ್ಯವಾಗಿ ಹೇಳಬಲ್ಲೆ. ಪ್ರತಿ ಸೆಟ್ ಹಾಕಿದ ದಿನ, ನಾಲ್ಕನೆಯ ವಾರ ಮತ್ತು ಹತ್ತನೆಯ ವಾರ, ಟೋನ್ ಗುಂಡಿಯನ್ನು ಪೂರ್ತಿ ತೆರೆದಿಟ್ಟು, ಒಂದೇ ಸಣ್ಣ ಸ್ವರಸಾಲನ್ನು ನುಡಿಸಿ ಮುದ್ರಿಸಿಕೊಂಡಿದ್ದೇನೆ. ಆ ಮುದ್ರಣಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದಾಗ ನನಗೆ ಮನದಟ್ಟಾದದ್ದು ಇಷ್ಟು: ಪೊಟ್ಟಣ ಬಿಚ್ಚಿದ ದಿನ ಎಲ್ಲಕ್ಕಿಂತ ಹೆಚ್ಚು ಹೊಳಪಿನಿಂದ, ಅಂದರೆ ಖಣಖಣಿಸುವ ತಿಳಿನಾದದಿಂದ, ನುಡಿಯುವ ತಂತಿ, ಹತ್ತನೆಯ ವಾರದಲ್ಲಿಯೂ ಹಾಗೆಯೇ ಮುಂದಿರುತ್ತದೆ ಎಂದುಕೊಳ್ಳುವಂತಿಲ್ಲ. ಹೊಳಪೂ ಬಾಳಿಕೆಯೂ ಒಂದೇ ತಂತಿಯಲ್ಲಿ ಬೇಕೆನ್ನುವವರು ತಾವು ಯಾವ ದಿನದ ನಾದಕ್ಕಾಗಿ ತಂತಿ ಕೊಳ್ಳುತ್ತಿದ್ದೇವೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

ಬೇಸ್ ಎಂದರೆ ತಗ್ಗಿನ ಸ್ವರ, ಅದಕ್ಕೆ ಹೊಳಪು ಏಕೆ ಎಂದು ಕೇಳುವವರಿದ್ದಾರೆ. ಬಿಟ್ಟ, ಅಂದರೆ ಬೆರಳಿನಿಂದ ಒತ್ತದ, ಇ ತಂತಿಯ (ನಾಲ್ಕರಲ್ಲಿ ಎಲ್ಲಕ್ಕಿಂತ ದಪ್ಪನೆಯದು) ಮೂಲ ಕಂಪನ ಸೆಕೆಂಡಿಗೆ ಸುಮಾರು 41.2. ಸಣ್ಣ ಸ್ಪೀಕರುಗಳು ಇಷ್ಟು ತಗ್ಗಿನ ಕಂಪನವನ್ನು ಸರಿಯಾಗಿ ಹೊರಡಿಸಲಾರವು. ಆದರೂ ನಾವು ಆ ಸ್ವರವನ್ನು ಗುರುತಿಸುತ್ತೇವೆ, ಏಕೆಂದರೆ ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನಲ್ಲಿ ಮೂಡುವ ಹಾರ್ಮೋನಿಕ್‌ಗಳಿಂದ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ. ಡ್ರಮ್ಮು, ಕೀಬೋರ್ಡು, ಎರಡು ಗಿಟಾರು ಒಟ್ಟಿಗೆ ನುಡಿಯುವಾಗ ಬೇಸ್ ಯಾವ ಸ್ವರದಲ್ಲಿದೆ ಎಂದು ಸ್ಪಷ್ಟವಾಗಿ ತಿಳಿಯುವುದೂ ಈ ಮೇಲಿನ ಸ್ವರಗಳಿಂದಲೇ. ತಂತಿ ಹಳತಾದಾಗ ಮೊದಲು ಹೋಗುವುದು ಇವೇ. ಸದ್ದಿನ ಪ್ರಮಾಣ ಅಷ್ಟೇ ಇದ್ದರೂ ಸ್ವರದ ಅಂಚು ಮಾಸಿ, ಕೇವಲ ಒಂದು ಗುದ್ದಿನಂತೆ ಕೇಳತೊಡಗುತ್ತದೆ.

ತಂತಿ ಸಾಯುವ ಬಗೆಯನ್ನು ತಿಳಿದುಕೊಂಡರೆ ಆಯ್ಕೆ ಅರ್ಧ ಮುಗಿದಂತೆ. ಬೇಸ್ ತಂತಿಯ ನಡುವೆ ಗಟ್ಟಿ ಉಕ್ಕಿನ ಒಳತಂತಿಯೊಂದಿದ್ದು, ಅದರ ಮೇಲೆ ಒಂದು ಅಥವಾ ಹೆಚ್ಚು ಪದರಗಳಾಗಿ ಬೇರೆ ತಂತಿಯನ್ನು ಸುತ್ತಿರುತ್ತಾರೆ. ಸುತ್ತುತಂತಿ ದುಂಡಗಿದ್ದರೆ ಅದು ರೌಂಡ್‌ವೌಂಡ್, ಪಟ್ಟಿಯಂತೆ ಚಪ್ಪಟೆಯಾಗಿದ್ದರೆ ಫ್ಲಾಟ್‌ವೌಂಡ್. ರೌಂಡ್‌ವೌಂಡ್‌ನಲ್ಲಿ ಒಂದೊಂದು ಸುತ್ತಿನ ನಡುವೆಯೂ ಸಣ್ಣ ಸಂದಿಯಿರುತ್ತದೆ. ಬೆರಳಿನ ಬೆವರು, ಜಿಡ್ಡು, ಚರ್ಮದ ಪುಡಿ ಈ ಸಂದಿಗಳಲ್ಲಿ ಸೇರಿ ಅಂಟಿನಂತೆ ಕೂರುತ್ತವೆ. ಸುತ್ತುಗಳು ಬಿಡುಬೀಸಾಗಿ ಬಾಗಲಾಗದೆ ಮೇಲಿನ ಕಂಪನಗಳು ಬೇಗ ಅಡಗುತ್ತವೆ. ಇದರ ಜೊತೆಗೆ ಫ್ರೆಟ್ಟುಗಳು, ಅಂದರೆ ವಾದ್ಯದ ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು, ತಂತಿಯ ಕೆಳಭಾಗವನ್ನು ಅಲ್ಲಲ್ಲಿ ಒತ್ತಿ ಚಪ್ಪಟೆಗೊಳಿಸುತ್ತವೆ. ಹೀಗೆ ತಂತಿಯ ತೂಕ ಉದ್ದಕ್ಕೂ ಒಂದೇ ಸಮನಾಗಿ ಉಳಿಯುವುದಿಲ್ಲ. ನಾನು ಇದನ್ನು ಪರೀಕ್ಷಿಸುವ ಕ್ರಮ ಸರಳವಾದದ್ದು. ಇ ತಂತಿಯ ಐದನೆಯ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ಬರುವ ಹಾರ್ಮೋನಿಕ್ಕನ್ನೂ ಎ ತಂತಿಯ ಏಳನೆಯ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ ಒಟ್ಟಿಗೆ ನುಡಿಸುತ್ತೇನೆ. ಒಂದು 41.2ರ ನಾಲ್ಕರಷ್ಟು, ಇನ್ನೊಂದು 55ರ ಮೂರರಷ್ಟು. ಎರಡೂ ಸುಮಾರು 165ಕ್ಕೆ ಬಂದು ನಿಲ್ಲುತ್ತವೆ. ಹೊಸ ತಂತಿಗಳಲ್ಲಿ ಇವೆರಡೂ ಕೂಡಿ ಬಹಳ ಹೊತ್ತು ನಿಚ್ಚಳವಾಗಿ ನಿಲ್ಲುತ್ತವೆ. ಬಿಟ್ಟ ತಂತಿಗಳು ಟ್ಯೂನರಿನಲ್ಲಿ ಸರಿಯಾಗಿದ್ದೂ ಈ ಹಾರ್ಮೋನಿಕ್‌ಗಳು ಒಂದಕ್ಕೊಂದು ಹೊಂದದೆ ಅಲೆಯತೊಡಗಿದರೆ ಅಥವಾ ಮೂಡಿದ ಕೂಡಲೇ ಅಡಗಿಹೋದರೆ, ಆ ತಂತಿಯ ಕಾಲ ಮುಗಿಯಿತೆಂದೇ ಲೆಕ್ಕ.

ಹೊಳಪಿನಲ್ಲಿ ಮೊದಲ ಸ್ಥಾನ ಸ್ಟೇನ್‌ಲೆಸ್ ಸ್ಟೀಲ್ ರೌಂಡ್‌ವೌಂಡ್ ತಂತಿಗಳಿಗೆ, ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಈ ಬಗೆಯ ತಂತಿಗೆ ಹೆಸರು ತಂದುಕೊಟ್ಟದ್ದು ತಂತಿ ತಯಾರಿಸುವ ಸಂಸ್ಥೆ ರೋಟೋಸೌಂಡ್‌ನ ಸ್ವಿಂಗ್ ಬೇಸ್ 66. 1966ರಲ್ಲಿ ಬ್ರಿಟನ್ನಿನ ದ ಹೂ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಪಿಯಾನೋದಂತೆ ಮೊಳಗುವ ತಂತಿಯನ್ನು ಹುಡುಕುತ್ತ ಆ ಸಂಸ್ಥೆಯ ಜೇಮ್ಸ್ ಹೌ ಅವರೊಡನೆ ಕೂಡಿ ರೂಪಿಸಿದ್ದು ಅದು. ನಾನು 45-65-80-105 ಗೇಜಿನ (ತಂತಿಗಳ ದಪ್ಪ, ಅಂಗುಲದ ಸಾವಿರದ ಭಾಗಗಳಲ್ಲಿ) ಆ ಸೆಟ್ಟನ್ನು ಎರಡು ಬಾರಿ ಬಳಸಿದೆ. ಮೊದಲ ವಾರದ ನಾದವನ್ನು ಖಣಖಣ ಎಂದಲ್ಲದೆ ಬೇರೆ ರೀತಿ ಬಣ್ಣಿಸಲಾರೆ. ಇ ತಂತಿಯನ್ನು ಮೀಟಿದರೆ ಪಿಯಾನೋದ ಎಡತುದಿಯ ಕೀಲಿಯನ್ನು ಒತ್ತಿದಂತಿತ್ತು. ಬೆರಳು ಜಾರಿಸುವಾಗ ಕರಕರ ಸದ್ದು ಬರುತ್ತದೆ, ಅದನ್ನು ಹತೋಟಿಗೆ ತರಲು ಎಡಗೈಯನ್ನು ಎತ್ತಿ ಇಡುವ ಅಭ್ಯಾಸ ಮಾಡಿಕೊಳ್ಳಬೇಕಾಯಿತು. ನನ್ನ ಬೆರಳುಗಳು ಸ್ವಲ್ಪ ಹೆಚ್ಚು ಬೆವರುತ್ತವೆ. ಹಾಗಾಗಿ ನಾಲ್ಕನೆಯ ವಾರದ ಮುದ್ರಣದಲ್ಲಿ ಡಿ ಮತ್ತು ಜಿ ತಂತಿಗಳು ಇನ್ನೂ ಲವಲವಿಕೆಯಿಂದ ಇದ್ದರೂ ಇ ತಂತಿ ಮಂಕಾಗಿತ್ತು. ದಪ್ಪ ತಂತಿಯಲ್ಲಿ ಸಂದಿಗಳು ದೊಡ್ಡವು, ಕೊಳೆಗೆ ಜಾಗವೂ ಹೆಚ್ಚು. ಒಂದು ತಂತಿ ಮಾತ್ರ ಮಂಕಾಗಿ ಉಳಿದವು ಹೊಳೆಯುತ್ತಿದ್ದರೆ, ಎಲ್ಲವೂ ಮಂಕಾಗಿರುವುದಕ್ಕಿಂತ ಅದೇ ಹೆಚ್ಚು ಕಿವಿಗೆ ಚುಚ್ಚುತ್ತದೆ ಎಂಬುದನ್ನು ನಾನು ಆಗ ಕಂಡುಕೊಂಡೆ.

ಸ್ಟೇನ್‌ಲೆಸ್ ಎಂಬ ಹೆಸರು ಹೇಳುವುದು ಸುತ್ತುತಂತಿಯ ಬಗ್ಗೆ. ಒಳತಂತಿ ಸಾಮಾನ್ಯವಾಗಿ ಇಂಗಾಲ ಹೆಚ್ಚಿರುವ ಉಕ್ಕು. ತುಕ್ಕು ಹಿಡಿಯುವುದೇ ಇಲ್ಲವೆಂದು ನಂಬಿ ಕೂರಬಾರದು. ಇನ್ನೊಂದು ವಿಷಯ ಫ್ರೆಟ್ಟುಗಳ ಸವೆತ. ಬಹುಪಾಲು ಬೇಸ್‌ಗಳ ಫ್ರೆಟ್ಟುಗಳನ್ನು ನಿಕ್ಕಲ್ ಸಿಲ್ವರ್ ಎಂಬ ಮಿಶ್ರಲೋಹದಿಂದ ಮಾಡಿರುತ್ತಾರೆ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ಸತು ಮತ್ತು ನಿಕ್ಕಲ್. ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ಗಡುಸು. ನನ್ನ ವಾದ್ಯದ ಎರಡರಿಂದ ಐದನೆಯ ಫ್ರೆಟ್ಟಿನವರೆಗೆ ಜಿ ತಂತಿಯ ಕೆಳಗೆ ಉಗುರಿಗೆ ಸಿಗುವಷ್ಟು ಗೆರೆಗಳು ಬಿದ್ದದ್ದು ಈ ತಂತಿಗಳ ಕಾಲದಲ್ಲೇ.

ನಿಕ್ಕಲ್ ಲೇಪಿಸಿದ ಉಕ್ಕಿನ ತಂತಿಗಳು ಮಧ್ಯಮ ಮಾರ್ಗದವು. ಮೊದಲ ದಿನ ಸ್ಟೇನ್‌ಲೆಸ್‌ಗಿಂತ ಒಂದು ಮೆಟ್ಟಿಲು ಮೃದು, ಬೆರಳಿಗೆ ನುಣುಪು, ಫ್ರೆಟ್ಟುಗಳ ಮೇಲೆ ಕರುಣೆ ಹೆಚ್ಚು. ನನ್ನ ಕೈಯಲ್ಲಿ ಅವು ಬಾಳಿದ ಅವಧಿ ಸ್ಟೇನ್‌ಲೆಸ್‌ಗಿಂತ ಹೆಚ್ಚೇನಲ್ಲ, ಆದರೆ ಇಳಿಕೆ ಅಷ್ಟು ಕಡಿದಾಗಿರಲಿಲ್ಲ. ತೀರ ಹೊಳಪು ಬೇಡ, ಸ್ಪಷ್ಟತೆ ಇದ್ದರೆ ಸಾಕು ಎನ್ನುವವರಿಗೆ ಇವು ಸಾಕು.

ಬಾಳಿಕೆಯ ಪ್ರಶ್ನೆಗೆ ನಿಜವಾದ ಉತ್ತರ ಕಂಡದ್ದು ಲೇಪವಿರುವ, ಅಂದರೆ ಕೋಟೆಡ್ ತಂತಿಗಳಲ್ಲಿ. ಇದರಲ್ಲೂ ಎರಡು ವಿಧಾನಗಳಿವೆ. ಒಂದರಲ್ಲಿ ಸುತ್ತಿ ಮುಗಿದ ಇಡೀ ತಂತಿಯ ಮೇಲೆ ತೆಳುವಾದ ಪಾಲಿಮರ್ ಪೊರೆಯನ್ನು ಹೊದಿಸುತ್ತಾರೆ, ಡಬ್ಲ್ಯು. ಎಲ್. ಗೋರ್ ಸಂಸ್ಥೆಯ ಎಲಿಕ್ಸರ್ ತಂತಿಗಳು ಈ ಜಾತಿಯವು. ಪೊರೆ ಸಂದಿಗಳ ಮೇಲೂ ಹಾಯುವುದರಿಂದ ಕೊಳೆ ಒಳಗೆ ಇಳಿಯುವುದಿಲ್ಲ. ಇನ್ನೊಂದರಲ್ಲಿ ಸುತ್ತುವ ಮೊದಲೇ ಸುತ್ತುತಂತಿಗೆ ಲೇಪ ಕೊಡುತ್ತಾರೆ. ಲೋಹಕ್ಕೆ ರಕ್ಷಣೆ ಸಿಗುತ್ತದೆ, ಸಂದಿ ಮಾತ್ರ ತೆರೆದೇ ಇರುತ್ತದೆ. ಮೊದಲ ದಿನದ ಮುದ್ರಣಗಳನ್ನು ಹೋಲಿಸಿದರೆ ಎಲಿಕ್ಸರ್‌ನ ನ್ಯಾನೋವೆಬ್ ಲೇಪದ ಸ್ಟೇನ್‌ಲೆಸ್ ಸೆಟ್, ಲೇಪವಿಲ್ಲದ ಸ್ಟೇನ್‌ಲೆಸ್‌ಗಿಂತ ತುಸು ಹಿಂದೆಯೇ ಇದೆ. ತೆಳು ಪರದೆಯ ಆಚೆಯಿಂದ ಕೇಳಿದಂತೆ ಎನ್ನಬಹುದು. ಆದರೆ ಅದರ ಹತ್ತನೆಯ ವಾರದ ಮುದ್ರಣವನ್ನು ಮೊದಲ ದಿನದ್ದರಿಂದ ಬೇರ್ಪಡಿಸಲು ನಾನು ಮೂರು ಸಲ ಕೇಳಬೇಕಾಯಿತು. ಲೇಪವಿಲ್ಲದ ತಂತಿಯ ಹತ್ತನೆಯ ವಾರವನ್ನು ಯಾರು ಬೇಕಾದರೂ ಮೊದಲ ಸ್ವರದಲ್ಲೇ ಗುರುತಿಸುತ್ತಾರೆ. ನಾನು ಹುಡುಕುತ್ತಿದ್ದದ್ದು ಈ ಸ್ಥಿರತೆಯನ್ನೇ.

ಎಲ್ಲ ಲೇಪಗಳೂ ಹೀಗಿರುವುದಿಲ್ಲ. ಬೇರೊಂದು ತಯಾರಕರ ಕೋಟೆಡ್ ಸೆಟ್ಟಿನಲ್ಲಿ, ನಾನು ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವ, ಅಂದರೆ ಸ್ಲ್ಯಾಪ್ ಮಾಡುವ ಜಾಗದಲ್ಲಿ, ಮೂರನೆಯ ವಾರಕ್ಕೇ ಪೊರೆ ಬಿಳಿಯ ಎಳೆಗಳಾಗಿ ಕಿತ್ತು ಬಂತು. ನಾದಕ್ಕೆ ಒಮ್ಮೆಲೇ ಧಕ್ಕೆಯಾಗಲಿಲ್ಲ, ಆದರೆ ಬೆರಳಿಗೆ ನೂಲು ತಾಗಿದಂತಾಗುವ ಆ ಅನುಭವ ಹಿತವಾದದ್ದಲ್ಲ. ಪೊರೆ ಹೋದ ಜಾಗದಲ್ಲಿ ಕೊಳೆಯೂ ಬೇಗ ಸೇರಿತು. ಪಿಕ್ (ತಂತಿ ಮೀಟುವ ಚಿಪ್ಪು) ಅಥವಾ ಸ್ಲ್ಯಾಪ್ ಬಳಸಿ ಜೋರಾಗಿ ನುಡಿಸುವವರು ಲೇಪದ ತಂತಿಯನ್ನು ನೆಚ್ಚುವ ಮೊದಲು ಈ ಸಂಗತಿಯನ್ನು ಗಮನದಲ್ಲಿಡಬೇಕು.

ಫ್ಲಾಟ್‌ವೌಂಡ್ ಬಗ್ಗೆ ಎರಡು ಮಾತು ಸಾಕು. ಬಾಳಿಕೆಯೊಂದೇ ಬೇಕಾದರೆ ಅದನ್ನು ಮೀರಿಸುವ ತಂತಿಯಿಲ್ಲ. ಅಮೆರಿಕದ ರೆಕಾರ್ಡ್ ಸಂಸ್ಥೆ ಮೋಟೌನ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಫೆಂಡರ್ ಪ್ರಿಸಿಶನ್ ಬೇಸಿನ ಲಾ ಬೆಲ್ಲಾ ಫ್ಲಾಟ್‌ವೌಂಡ್ ತಂತಿಗಳನ್ನು ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲ ಎಂಬುದು ಪ್ರಸಿದ್ಧ. ಆ ನಾದ ಅತ್ಯಂತ ಸುಂದರವಾದದ್ದು, ಆದರೆ ನಾವು ಇಲ್ಲಿ ಹುಡುಕುತ್ತಿರುವ ಹೊಳಪು ಅದರಲ್ಲಿಲ್ಲ.

ಹಾಕುವ ಕ್ರಮದಲ್ಲಿ ತಪ್ಪಿದರೆ ಎಂಥ ಒಳ್ಳೆಯ ತಂತಿಯೂ ಮೊದಲ ದಿನವೇ ಸತ್ತಂತೆ ಕೇಳಬಹುದು. ಒಳತಂತಿ ಷಟ್ಕೋನಾಕಾರದ್ದಾಗಿದ್ದರೆ ಅದರ ಅಂಚುಗಳು ಸುತ್ತನ್ನು ಹಿಡಿದಿಡುತ್ತವೆ. ದುಂಡಗಿನ ಒಳತಂತಿಗೆ ಆ ಹಿಡಿತ ಕಡಿಮೆ. ಅದನ್ನು ಮೊದಲು ಬಲವಾಗಿ ಮಡಿಸಿ, ಆಮೇಲೆ ಮಡಿಕೆಯ ಆಚೆಗೆ ಕತ್ತರಿಸಬೇಕು. ನಾನೊಮ್ಮೆ ಮಡಿಸದೆ ಕತ್ತರಿಸಿದಾಗ ಎ ತಂತಿಯ ಸುತ್ತು ಸಡಿಲಗೊಂಡು, ಹೊಚ್ಚಹೊಸ ತಂತಿ ಆರು ತಿಂಗಳು ಹಳೆಯದರಂತೆ ನುಡಿಯಿತು. ಇನ್ನೊಂದು ಸಣ್ಣ ಕೆಲಸ: ತಂತಿಯನ್ನು ಶ್ರುತಿಗೆ ತಂದ ಮೇಲೆ ಅದು ಎರಡು ತುದಿಗಳಲ್ಲಿ ಆತು ನಿಲ್ಲುವ ಸ್ಯಾಡಲ್ ಮತ್ತು ನಟ್ಟಿನ ಪಕ್ಕದಲ್ಲಿ ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಬೇಕು. ದಪ್ಪ ತಂತಿ ಆ ತಿರುವಿನಲ್ಲಿ ಕಮಾನಿನಂತೆ ಉಬ್ಬಿ ನಿಂತಿರುತ್ತದೆ. ಒತ್ತಿದಾಗ ಅಂಚು ಖಚಿತವಾಗಿ, ನಾದ ಕೂಡಲೇ ತಿಳಿಯಾಗುತ್ತದೆ.

ಹಳೆಯ ತಂತಿಯನ್ನು ನೀರಿನಲ್ಲಿ ಕುದಿಸಿದರೆ ಹೊಸದಾಗುತ್ತದೆ ಎಂಬ ಮಾತು ಅರ್ಧ ನಿಜ. ಜಿಡ್ಡು ಹೊರಬಂದು ಹೊಳಪು ಮರಳುತ್ತದೆ, ಆದರೆ ನನ್ನ ಅನುಭವದಲ್ಲಿ ಒಂದೆರಡು ವಾರಗಳ ಮಟ್ಟಿಗೆ ಮಾತ್ರ. ಸಂಪೂರ್ಣ ಒಣಗಿಸದಿದ್ದರೆ ಒಳಗಿನಿಂದ ತುಕ್ಕು ಶುರುವಾಗುತ್ತದೆ. ಸ್ಪಿರಿಟ್ಟಿನಲ್ಲಿ ನೆನೆಸುವುದು ಅದಕ್ಕಿಂತ ಮೇಲು, ಏಕೆಂದರೆ ಸ್ಪಿರಿಟ್ಟು ಬೇಗ ಆರಿಹೋಗುತ್ತದೆ. ಎರಡರಲ್ಲೂ ತಂತಿಯನ್ನು ಬಿಚ್ಚಿ ಮತ್ತೆ ಸುತ್ತಬೇಕಾದ್ದರಿಂದ ಟ್ಯೂನಿಂಗ್ ಕೀಲಿಯ ಬಳಿಯ ಮಡಿಕೆ ದುರ್ಬಲವಾಗುತ್ತದೆ. ಮೂರನೆಯ ಸಲ ಸುತ್ತುವಾಗ ನನ್ನ ಡಿ ತಂತಿ ಅಲ್ಲಿಯೇ ತುಂಡಾಯಿತು. ಇವೆಲ್ಲಕ್ಕಿಂತ ಪ್ರಯೋಜನಕ್ಕೆ ಬಂದದ್ದು ನುಡಿಸುವ ಮೊದಲು ಕೈ ತೊಳೆದು ಒರೆಸಿಕೊಳ್ಳುವುದು ಮತ್ತು ನುಡಿಸಿ ಮುಗಿದೊಡನೆ ಒಣ ಹತ್ತಿಬಟ್ಟೆಯಿಂದ ಪ್ರತಿ ತಂತಿಯ ಕೆಳಭಾಗವನ್ನೂ ಉಜ್ಜುವುದು. ಎಲ್ಲರೂ ಮೇಲ್ಭಾಗವನ್ನು ಒರೆಸುತ್ತಾರೆ. ಕೊಳೆ ಕೂರುವುದು ಫ್ರೆಟ್ಟಿನ ಕಡೆಗೂ ಅಷ್ಟೇ.

ವಾರಕ್ಕೊಮ್ಮೆ ನುಡಿಸುವವರಿಗೂ, ಬೆವರು ಕಡಿಮೆ ಇರುವವರಿಗೂ, ಮುಖ್ಯ ಮುದ್ರಣದ ಹಿಂದಿನ ದಿನ ಹೊಸ ಸೆಟ್ ಹಾಕುವವರಿಗೂ ನಾನು ಲೇಪವಿಲ್ಲದ ಸ್ಟೇನ್‌ಲೆಸ್ ತಂತಿಯನ್ನೇ ಹೇಳುತ್ತೇನೆ. ಆ ಮೊದಲ ವಾರದ ನಾದಕ್ಕೆ ಸಾಟಿಯಿಲ್ಲ. ನನ್ನಂತೆ ದಿನವೂ ನುಡಿಸುವ, ಕೈ ಬೆವರುವವರಿಗೆ ಇಡೀ ತಂತಿಯನ್ನು ಹೊದಿಸುವ ಲೇಪವಿರುವ ಸ್ಟೇನ್‌ಲೆಸ್ ಸೆಟ್ಟೇ ತಕ್ಕದ್ದು. ನನ್ನ ವಾದ್ಯದ ಮೇಲೆ ಅಂಥದೊಂದು ಸೆಟ್ ಇರುವುದು ಇದು ಹದಿನಾಲ್ಕನೆಯ ವಾರ. ಇಂದು ಬೆಳಿಗ್ಗೆ ಅದೇ ಎರಡು ಹಾರ್ಮೋನಿಕ್‌ಗಳನ್ನು ನುಡಿಸಿ ನೋಡಿದೆ: ಇ ತಂತಿಯದು ಮೊದಲಿಗಿಂತ ಕೊಂಚ ಬೇಗ ಅಡಗುತ್ತಿದೆ, ಆದರೆ ಅಡಗುವವರೆಗೂ ಎ ತಂತಿಯದರೊಡನೆ ಅಲುಗಾಡದೆ ಕೂಡಿ ನಿಲ್ಲುತ್ತಿದೆ. ಬದಲಿಸಲು ತೆಗೆದಿಟ್ಟಿದ್ದ ಹೊಸ ಪೊಟ್ಟಣವನ್ನು ಮತ್ತೆ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ.