ನೋವು ಎಷ್ಟು? ಅಂಕೆಯೋ, ಗೆರೆಯೋ, ಮಾತೋ, ಮುಖವೋ

ರೋಗಿಯ ನೋವನ್ನು ಅಳೆಯಲು ದಿನನಿತ್ಯದ ವಾರ್ಡಿಗೆ ನನ್ನ ಆಯ್ಕೆ 0ಯಿಂದ 10ರ ಅಂಕೆ ಮಾಪಕ: 0 ಎಂದರೆ ನೋವೇ ಇಲ್ಲ, 10 ಎಂದರೆ ತಡೆಯಲಾರದ ನೋವು. ಕಾಗದ ಬೇಡ, ಫೋನಿನಲ್ಲೂ ಕೇಳಬಹುದು. 100 ಮಿಲಿಮೀಟರ್ ಗೆರೆಯ ಮಾಪಕ ಸಂಶೋಧನೆಗೆ ಒಪ್ಪುತ್ತದೆ. ಆದರೆ ಒಂದು ತುದಿ ‘ನೋವಿಲ್ಲ’, ಇನ್ನೊಂದು ‘ವಿಪರೀತ ನೋವು’ ಎಂದಿರುವ ಆ ಗೆರೆಯ ಮೇಲೆ ರೋಗಿ ಗುರುತು ಹಾಕಬೇಕು, ನಾವು ಸ್ಕೇಲಿಟ್ಟು ಅಳೆಯಬೇಕು. ಜೆರಾಕ್ಸ್ ಮಾಡಿದಾಗ ಗೆರೆಯ ಉದ್ದವೇ ಬದಲಾಗುವುದೂ ಉಂಟು! ಕೈ ನಡುಗುವ, ಕಣ್ಣು ಮಂಜಾದ ಹಿರಿಯರಿಗೆ ‘ಇಲ್ಲ, ಸ್ವಲ್ಪ, ಸಾಧಾರಣ, ವಿಪರೀತ’ ಎಂಬ ಮಾತಿನ ಮಾಪಕವೇ ಸುಲಭ. ಸಣ್ಣ ಏರಿಳಿತ ಮಾತ್ರ ಅದರಲ್ಲಿ ಸಿಗದು.

ಮಕ್ಕಳಿಗೆ ಮುಖಗಳ ಚಿತ್ರ. ನಗು, ಕಣ್ಣೀರು ಇರುವ ಚಿತ್ರ ಕೊಟ್ಟರೆ ಮಗು ನೋವಿನ ಬದಲು ಭಯವನ್ನೋ ಬೇಸರವನ್ನೋ ತೋರಿಸಿಬಿಡಬಹುದು. 2001ರ ಪರಿಷ್ಕೃತ ಮುಖಗಳ ಮಾಪಕದ 6 ಮುಖಗಳಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ. ನಾಲ್ಕು ವರ್ಷ ದಾಟಿದವರಿಗೆ ಅದೇ ವಾಸಿ.

ಯಾವುದನ್ನೇ ಆರಿಸಿ, ಒಬ್ಬ ರೋಗಿಗೆ ಕೊನೆಯತನಕ ಅದನ್ನೇ ಬಳಸಿ. ಮಲಗಿದ್ದಾಗ 2 ಎಂದವರು ಕೆಮ್ಮಿದಾಗ 7 ಎನ್ನಬಹುದು, ಎರಡನ್ನೂ ಬರೆದುಕೊಳ್ಳಿ.